ಮಗ್ದಲದ ಮರಿಯಳ ಮೇಲಿನ ಅಪವಾದ

ಈಸ್ಟರ್ ಹಬ್ಬದ ಬೆಳಗಿನ ಆರಾಧನೆ. ನಮ್ಮ ಅಯ್ಯನವರು ಅಂದಿನ ಪ್ರಸಂಗಕ್ಕೆ ಮಗ್ದಲದ ಮರಿಯಳನ್ನು ಆರಿಸಿಕೊಂಡಿದ್ದರು. ಕಂಠ ಚೆನ್ನಾಗಿದೆ, ಮಾತು ಸರಾಗ. ಅವಳು ಬೀದಿಯ ಹೆಣ್ಣಾಗಿದ್ದಳು, ಊರವರಿಂದ ಛೀ ಥೂ ಎನಿಸಿಕೊಂಡಿದ್ದಳು, ಕಡೆಗೆ ಯೇಸುವಿನ ಪಾದಕ್ಕೆ ಬಿದ್ದು ಉದ್ಧಾರವಾದಳು ಎಂದು ಹತ್ತು ನಿಮಿಷ ವರ್ಣಿಸಿದರು. ಮುಂದಿನ ಸಾಲಿನ ಹಿರಿಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಪಕ್ಕ ಕೂತಿದ್ದ ಭಾನುವಾರ ಶಾಲೆಯ ಹುಡುಗಿಯೊಬ್ಬಳು ಸತ್ಯವೇದದ ಹಾಳೆ ಮಗುಚುತ್ತಾ, "ಟೀಚರ್, ಅದು ಯಾವ ಅಧ್ಯಾಯದಲ್ಲಿದೆ?" ಎಂದು ಪಿಸುಗುಟ್ಟಿದಳು.

"ಆಮೇಲೆ ಹೇಳ್ತೀನಿ, ಸುಮ್ನಿರು" ಎಂದೆ. ಹೇಳಲಾಗಲಿಲ್ಲ. ಅದು ಯಾವ ಅಧ್ಯಾಯದಲ್ಲೂ ಇಲ್ಲ.

ಈ ವಿಷಯದಲ್ಲಿ ನಾನೇನೂ ಸಾಚಾ ಅಲ್ಲ. ಇಪ್ಪತ್ತು ವರ್ಷ ಅದೇ ಕತೆಯನ್ನು ಮಕ್ಕಳಿಗೆ ಹೇಳಿಕೊಟ್ಟವಳು ನಾನು. ನನಗೆ ನನ್ನ ಟೀಚರು ಹೇಳಿದ್ದರು, ಅಷ್ಟೆ. ಆ ಮಧ್ಯಾಹ್ನ ನಾಲ್ಕು ಸುವಾರ್ತೆಗಳನ್ನೂ ಮುಂದಿಟ್ಟುಕೊಂಡು ಕೂತೆ. ಲೂಕನ 8ನೇ ಅಧ್ಯಾಯದ ಆರಂಭದಲ್ಲಿ ಅವಳ ಹೆಸರಿದೆ. ಏಳು ದೆವ್ವಗಳು ಬಿಟ್ಟುಹೋಗಿದ್ದ ಹೆಂಗಸು ಎಂಬುದೊಂದೇ ಪರಿಚಯ. ಅವಳ ಜೊತೆಗೆ ಹೆರೋದನ ಮನೆವಾರ್ತೆ ನೋಡುತ್ತಿದ್ದ ಕೂಜನ ಹೆಂಡತಿ ಯೋಹಾನಳು, ಸುಸನ್ನಳು, ಇನ್ನೂ ಅನೇಕರು. ಇವರೆಲ್ಲ ತಮ್ಮ ಸ್ವಂತ ಹಣದಿಂದ ಯೇಸುವಿನ ಮತ್ತು ಶಿಷ್ಯರ ಖರ್ಚು ನೋಡಿಕೊಳ್ಳುತ್ತಿದ್ದರು. ಅಂದರೆ ಕೈಯಲ್ಲಿ ನಾಲ್ಕು ಕಾಸಿದ್ದ, ಅದನ್ನು ತನ್ನ ಇಷ್ಟದಂತೆ ಕೊಡಬಲ್ಲ ಹೆಂಗಸು. ಇದನ್ನು ಯಾವ ಪ್ರಸಂಗದಲ್ಲೂ ನಾನು ಕೇಳಿಲ್ಲ.

ಇನ್ನು ದೆವ್ವದ ಮಾತು. ಸುವಾರ್ತೆಗಳಲ್ಲಿ ದೆವ್ವ ಹಿಡಿದವರು ಎಂದರೆ ಮಾತು ಬಾರದವನು, ಮೂರ್ಛೆ ಬಿದ್ದು ನೊರೆ ಸುರಿಸುವ ಹುಡುಗ, ಇಂಥ ನರಳುವ ಜೀವಗಳು. ನಡತೆಗೆಟ್ಟವರು ಎಂಬ ಅರ್ಥ ಎಲ್ಲೂ ಇಲ್ಲ. ನಮ್ಮ ಸಭೆಯಲ್ಲೇ ವರ್ಷಗಳಿಂದ ಮನಸ್ಸಿನ ಕಾಯಿಲೆಗೆ ಮಾತ್ರೆ ನುಂಗುತ್ತಿರುವ ಒಬ್ಬ ತಾಯಿ ಇದ್ದಾರೆ. ಅಂದು ಅವರೂ ಹಿಂದಿನ ಬೆಂಚಿನಲ್ಲಿದ್ದರು. ತನ್ನಂತೆಯೇ ನರಳಿ ಗುಣವಾದ ಒಬ್ಬಳಿಗೆ ಪುನರುತ್ಥಾನದ ಮೊದಲ ದರ್ಶನವಾಯಿತು ಎಂದು ಅವರಿಗೆ ಕೇಳಿಸಬೇಕಿತ್ತು. ಕೇಳಿಸಿದ್ದು ಬೀದಿಯ ಹೆಣ್ಣಿನ ಕತೆ.

ಹಾಗಾದರೆ ಕಣ್ಣೀರಿನಿಂದ ಪಾದ ತೊಳೆದವಳು ಯಾರು? ಅವಳು ಲೂಕನ 7ನೇ ಅಧ್ಯಾಯದಲ್ಲಿ, ಸೀಮೋನನೆಂಬ ಫರಿಸಾಯನ ಮನೆಗೆ ಬಂದ ಪಾಪಿ ಹೆಂಗಸು. ಅವಳ ಹೆಸರನ್ನು ಲೂಕನು ಹೇಳಿಲ್ಲ. ಯೋಹಾನನ 12ನೇ ಅಧ್ಯಾಯದಲ್ಲಿ ಸುಗಂಧತೈಲ ಹಚ್ಚಿ ಕೂದಲಿನಿಂದ ಪಾದ ಒರೆಸಿದವಳು ಬೇಥಾನ್ಯದ ಮರಿಯಳು, ಮಾರ್ಥಳ ತಂಗಿ. ಮೂರು ಕಡೆ ಮೂವರು ಹೆಂಗಸರು. ಇವರನ್ನು ಸೇರಿಸಿ ಒಬ್ಬಳನ್ನಾಗಿ ಹೊಲಿದ ಕೀರ್ತಿ ಮುಖ್ಯವಾಗಿ ಪೋಪ್ ಒಂದನೆಯ ಗ್ರೆಗರಿಗೆ ಸೇರಬೇಕು. 591ರಲ್ಲಿ ರೋಮಿನಲ್ಲಿ ಮಾಡಿದ ಪ್ರಸಂಗದಲ್ಲಿ ಅವರು ಏಳು ದೆವ್ವಗಳನ್ನು ದುರ್ಗುಣಗಳೆಂದು ವಿವರಿಸಿ, ಆ ತೈಲವನ್ನು ಅವಳು ಮೊದಲು ಮೈಗೆ ಪೂಸಿಕೊಳ್ಳುತ್ತಿದ್ದಳೆಂದೂ ಸೇರಿಸಿದರು. ಪಶ್ಚಿಮದ ಚಿತ್ರಕಾರರು ಬಿಚ್ಚುಗೂದಲಿನ, ಅಳುವ ಮರಿಯಳನ್ನು ಬರೆದದ್ದೇ ಬರೆದದ್ದು. ಪೂರ್ವದ ಸಭೆಗಳು ಮಾತ್ರ ಒಪ್ಪಲಿಲ್ಲ. ಅವರಿಗೆ ಅವಳು ಅಪೊಸ್ತಲರಿಗೆ ಸಮಾನಳು. ಹದಿನಾರನೇ ಶತಮಾನದಲ್ಲಿ ಫ್ರಾನ್ಸಿನ ವಿದ್ವಾಂಸ ಲೆಫೆವ್ರ್ ಇವರು ಮೂವರು ಬೇರೆ ಬೇರೆ ಎಂದು ಬರೆದಾಗ, 1521ರಲ್ಲಿ ಪ್ಯಾರಿಸಿನ ಪಂಡಿತರು ಆ ಮಾತನ್ನೇ ಖಂಡಿಸಿದರು.

ರೋಮಿನವರು 1969ರಲ್ಲಿ ತಿದ್ದಿಕೊಂಡರು. ಜುಲೈ 22ರ ಅವಳ ದಿನಕ್ಕೆ ಓದುತ್ತಿದ್ದ ಲೂಕನ 7ನೇ ಅಧ್ಯಾಯವನ್ನು ಬಿಟ್ಟು, ಅವಳು ಸಮಾಧಿಯ ಬಳಿ ನಿಂತಿರುವ ಯೋಹಾನನ 20ನೇ ಅಧ್ಯಾಯವನ್ನು ಗೊತ್ತುಮಾಡಿದರು. 2016ರಲ್ಲಿ ಆ ದಿನವನ್ನು ಅಪೊಸ್ತಲರ ಹಬ್ಬಗಳ ಮಟ್ಟಕ್ಕೆ ಏರಿಸಿದರು. ವೇದವೊಂದೇ ಸಾಕೆಂದು ರೋಮಿನಿಂದ ಬೇರೆಯಾದ ನಮ್ಮವರ ಪ್ರಸಂಗಪೀಠದಲ್ಲಿ ಮಾತ್ರ ಆ ಹಳೆಯ ಪೋಪರ ಪ್ರಸಂಗ ಇಂದಿಗೂ ನಡೆಯುತ್ತಿದೆ!

ಅಯ್ಯನವರ ಬಳಿ ಹೋಗಿ ಹೇಳಿದೆ. ಅವರು ಒಳ್ಳೆಯವರು, ಸಿಟ್ಟಾಗಲಿಲ್ಲ. "ಭಾವ ಮುಖ್ಯ ಟೀಚರಮ್ಮ. ಬಿದ್ದವರಿಗೂ ದೇವರಿದ್ದಾನೆ ಅಂತ ಹೇಳಿದರೆ ತಪ್ಪೇನು?" ಎಂದರು. ತಪ್ಪಿಲ್ಲ, ಅದಕ್ಕೆ ಲೂಕನ ಹೆಸರಿಲ್ಲದ ಹೆಂಗಸೇ ಇದ್ದಾಳಲ್ಲ! ಇನ್ನೊಬ್ಬಳ ಮಾನ ಯಾಕೆ ತೆಗೆಯಬೇಕು? ಬೆರೋಯ ಊರಿನವರು ಪೌಲನಂಥ ಪೌಲನ ಬೋಧನೆಯನ್ನೂ ದಿನದಿನವೂ ಶಾಸ್ತ್ರದೊಡನೆ ಹೋಲಿಸಿ ನೋಡಿದ್ದರಿಂದ ಹೊಗಳಿಕೆ ಪಡೆದರು. ಹಾಗೆ ನೋಡಿ ನಂಬಿದವರಲ್ಲಿ ಹೆಂಗಸರೂ ಇದ್ದರು. ಪರೀಕ್ಷೆಯಲ್ಲಿ ಪಾಠದಲ್ಲಿಲ್ಲದ್ದನ್ನು ಬರೆದ ಹುಡುಗನಿಗೆ ಭಾವ ಚೆನ್ನಾಗಿದೆಯೆಂದು ನಾನು ಅಂಕ ಕೊಟ್ಟದ್ದಿಲ್ಲ.

ಇದು ಬರೀ ಪಂಡಿತರ ಜಗಳ ಎನ್ನುವವರು ಐರ್ಲೆಂಡಿನ ಮಗ್ದಲೀನ್ ಬಟ್ಟೆ ಒಗೆಯುವ ಮನೆಗಳ ಸಂಗತಿ ಓದಬೇಕು. ಬಿದ್ದವಳು ಎಂಬ ಹಣೆಪಟ್ಟಿಗೆ ಇವಳ ಹೆಸರೇ ಸಿಕ್ಕಿತ್ತು. ಮದುವೆಯಾಗದೆ ಬಸಿರಾದವರು, ದಿಕ್ಕಿಲ್ಲದ ಹುಡುಗಿಯರು, ಕೆಲವೊಮ್ಮೆ ಏನೂ ಮಾಡದವರು ಕೂಡ ಆ ಗೋಡೆಗಳೊಳಗೆ ಕೂಲಿಯಿಲ್ಲದೆ ಊರವರ ಬಟ್ಟೆ ಒಗೆದರು. 1922ರಿಂದೀಚೆಗೆ ಸುಮಾರು 10,000 ಹೆಂಗಸರು. ಕೊನೆಯ ಮನೆ ಮುಚ್ಚಿದ್ದು 1996ರಲ್ಲಿ. ಪ್ರಧಾನಿ ಎಂಡಾ ಕೆನಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದ್ದು 2013ರಲ್ಲಿ. ಗ್ರೆಗರಿಯವರಿಗೆ ಇದು ಕನಸಿನಲ್ಲೂ ಹೊಳೆದಿರಲಿಕ್ಕಿಲ್ಲ.

ಮುಂದಿನ ಭಾನುವಾರ ಮಕ್ಕಳ ಮುಂದೆ ನಿಂತು, ಇಷ್ಟು ದಿನ ನಾನು ತಪ್ಪು ಹೇಳಿಕೊಟ್ಟಿದ್ದೇನೆ ಎಂದೆ. ಬಾಯಿ ಒಣಗಿತ್ತು. ನಸುಕಿನಲ್ಲಿ ಸಮಾಧಿಗೆ ಹೋದವಳು, ಯೇಸುವನ್ನು ತೋಟಗಾರನೆಂದುಕೊಂಡವಳು, ಶಿಷ್ಯರಿಗೆ ಸುದ್ದಿ ಮುಟ್ಟಿಸಿದವಳು ಎಂದು ಇದ್ದಷ್ಟನ್ನೇ ಹೇಳಿದೆ. ಅದೇ ಹುಡುಗಿ ಕೈ ಎತ್ತಿದಳು.

"ಹಾಗಾದ್ರೆ ಅವಳು ಮೊದಲು ಏನು ಮಾಡ್ತಿದ್ಳು ಟೀಚರ್?"

"ಬರೆದಿಲ್ಲಮ್ಮ" ಎಂದೆ.