ಇಬ್ಬರು ಬೀಗರು

ನಮ್ಮ ಬೈಲಹೊಂಗಲದ ಕಡೆ ಸ್ಯಾಕ್ಸೋಫೋನ್ ಎಂದರೆ ಮದುವೆ ಮೆರವಣಿಗೆಯ ಬ್ಯಾಂಡಿನವರ ವಾದ್ಯ. ಅದನ್ನು ಕೂತು ಕೇಳಬೇಕೆಂದು ನನಗೆಂದೂ ಅನಿಸಿರಲಿಲ್ಲ. ಅಮೆರಿಕದಿಂದ ಬಂದ ಮಗ ಒಂದು ಸಿ.ಡಿ. ಕೈಗಿಟ್ಟು, "ಅವ್ವಾ, ಇದನ್ನ ಕೇಳು, ನಮ್ಮ ಮಹಾಂತಪ್ಪ ಊದ್ಯಾನ" ಎಂದ. ನಮ್ಮಲ್ಲಿ ಓಣಿಗೊಬ್ಬ ಮಹಾಂತಪ್ಪ ಇದ್ದಾನೆ. ಈತ ರುದ್ರೇಶ ಮಹಾಂತಪ್ಪ; ಕರ್ನಾಟಕದಿಂದ ಹೋದ ತಂದೆತಾಯಿಗಳಿಗೆ 1971ರಲ್ಲಿ ಇಟಲಿಯಲ್ಲಿ ಹುಟ್ಟಿ, ಅಮೆರಿಕದ ಕೊಲರಾಡೊದಲ್ಲಿ ಬೆಳೆದ ಜಾಜ್ ವಾದಕ.

2008ರಲ್ಲಿ ಬಂದ ಈ ಧ್ವನಿಮುದ್ರಿಕೆಯ ಹೆಸರು 'ಕಿನ್ಸ್‌ಮೆನ್'. ಇದರಲ್ಲಿ ಎರಡು ಆಲ್ಟೊ ಸ್ಯಾಕ್ಸೋಫೋನುಗಳಿವೆ. ಇನ್ನೊಂದನ್ನು ನುಡಿಸಿದವರು ಕದ್ರಿ ಗೋಪಾಲನಾಥ್. ಬಂಟ್ವಾಳ ತಾಲೂಕಿನ ಸಜಿಪದಲ್ಲಿ ನಾಗಸ್ವರ ವಾದಕರ ಮಗನಾಗಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮರುಳಾದ ಪರದೇಶದ ವಾದ್ಯಕ್ಕೆ ಗಮಕ ಕಲಿಸಿದವರು ಅವರು. 2019ರಲ್ಲಿ ತೀರಿಕೊಂಡರು. ಜೊತೆಗೆ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ. ಆ ಕಡೆಯಿಂದ ಗಿಟಾರು, ಬಾಸು, ಡ್ರಮ್ಸು.

ಮೊದಲ ಸಲ ಬರೀ ಗದ್ದಲವೆನಿಸಿತು. ಮೂರನೆಯ ಸಲ ಬಟ್ಟೆ ಮಡಚುತ್ತ ಕೇಳುವಾಗ ದನಿಗಳ ಗುರುತು ಸಿಕ್ಕಿತು. ಗೋಪಾಲನಾಥರದು ಸ್ವರದಿಂದ ಸ್ವರಕ್ಕೆ ಜಾರುವ ದನಿ, ಮಹಾಂತಪ್ಪನದು ಚುರುಕು, ಖಾರ. 'ಕಲ್ಯಾಣಿ' ಎಂಬುದೊಂದಿದೆ, ಧಾರವಾಡದ ಸಂಗೀತ ಕೇಳಿದ ನಮ್ಮ ಕಿವಿಗೆ ಅದು ಯಮನ್. ನಡುನಡುವೆ ಬರುವ ಪುಟ್ಟ ಆಲಾಪಗಳು ನನಗೆ ಎಲ್ಲಕ್ಕಿಂತ ಹಿಡಿಸಿದವು.

ಕೊರತೆಯನ್ನೂ ಹೇಳಬೇಕು. ಎಲ್ಲರೂ ಒಟ್ಟಿಗೆ ಏರಿದಾಗ ಡ್ರಮ್ಸಿನ ಅಬ್ಬರದಲ್ಲಿ ಮೃದಂಗ ಮುಚ್ಚಿಹೋಗುತ್ತದೆ. ಏಳು ಜನರಲ್ಲಿ ಒಬ್ಬರೇ ಹೆಣ್ಣುಮಗಳು ಕನ್ಯಾಕುಮಾರಿ. ಅವರ ಪಿಟೀಲಿಗೆ ಇನ್ನಷ್ಟು ಜಾಗ ಕೊಡಬಹುದಿತ್ತು.

ಹೆಸರಿನ ಅರ್ಥ ಬಂಧುಗಳು ಎಂದು ಮಗ ಹೇಳಿದ. ನಾನಾದರೆ ಬೀಗರು ಎನ್ನುತ್ತೇನೆ. ರಾಮದುರ್ಗ ನನ್ನ ತವರು, ಬೈಲಹೊಂಗಲ ಕೊಟ್ಟ ಮನೆ. ಎರಡೂ ಮನೆಯವರು ಒಂದೇ ಪಂಕ್ತಿಯಲ್ಲಿ ಉಂಡರೂ ಅವರವರ ಸಾರಿನ ರುಚಿ ಬಿಟ್ಟುಕೊಡಲಿಲ್ಲ. ಇಲ್ಲಿಯೂ ಹಾಗೆಯೇ. ಮಹಾಂತಪ್ಪ ಗೋಪಾಲನಾಥರಂತೆ ಊದಲು ಹೋಗಿಲ್ಲ; ಅವರೂ ಜಾಜ್ ವೇಷ ಹಾಕಿಲ್ಲ.

ಕೇಳುತ್ತ ನನಗೆ ನಾಚಿಕೆಯಾಯಿತು. ಅಲ್ಲೇ ಹುಟ್ಟಿದ ಮೊಮ್ಮಗ ಫೋನಿನಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಆಡಿದಾಗಲೆಲ್ಲ ನಾನು ಟೀಚರಳಾಗಿ ತಿದ್ದುತ್ತಿದ್ದೆ. ಅವನು ಮಾತು ನಿಲ್ಲಿಸಿ ಫೋನನ್ನು ಅಪ್ಪನ ಕೈಗೆ ಕೊಡುತ್ತಿದ್ದ. ಹೋದ ರವಿವಾರ ತಿದ್ದಲಿಲ್ಲ. "ಆಯಿ, ಇನ್ನೊಂದು ಹೇಳ್ಲಾ?" ಎಂದು ಅರ್ಧ ತಾಸು ಮಾತಾಡಿದ.