ಬದುಕಿದ್ದ ಅಪ್ಪನ ಮರಣಪತ್ರ

ಮನೆಮಂದಿಯ ನಗೆಚಿತ್ರಗಳಿಗೆ ಒಂದು ಚಾಳಿ. ಎರಡು ತಾಸು ಕಚ್ಚಾಡಿದವರು ಕಡೇ ಹತ್ತು ನಿಮಿಷದಲ್ಲಿ ತಬ್ಬಿಕೊಂಡು ಅತ್ತು, ಸಾಲಾಗಿ ಫೋಟೋಕ್ಕೆ ನಿಲ್ಲುತ್ತಾರೆ. ರಾಮ್ ರೆಡ್ಡಿಯವರ ‘ತಿಥಿ’ ನನಗೆ ಹಿಡಿಸಿದ್ದು ಅದರಲ್ಲಿ ಆ ಫೋಟೋ ಇಲ್ಲ ಎಂಬುದಕ್ಕೇ.

2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು, ಮರುವರ್ಷ ನಮ್ಮ ತೆರೆಗೆ ಬಂದ ಚಿತ್ರ. ರೆಡ್ಡಿಯವರೊಡನೆ ಈರೇಗೌಡರು ಕೂಡಿ ಬರೆದದ್ದು. ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಯ ಜನ. ನೂರೊಂದು ವರ್ಷದ ಸೆಂಚುರಿಗೌಡ ಸಾಯುತ್ತಾನೆ. ಮಗ ಗಡ್ಡಪ್ಪನಿಗೆ ಆಸ್ತಿ ಬೇಡ; ಬೀಡಿ, ಬ್ರಾಂದಿ, ನಡೆಯಲು ದಾರಿ ಇದ್ದರಾಯಿತು. ಹೊಲ ಮಾರಲು ಹೊರಟ ಮೊಮ್ಮಗ ತಮ್ಮಣ್ಣ, ಅಪ್ಪ ಸತ್ತನೆಂದು ಕಾಗದ ಮಾಡಿಸಿ, ಕೈಗೆ ದುಡ್ಡು ಕೊಟ್ಟು ಊರು ಬಿಡಿಸುತ್ತಾನೆ.

ನಮ್ಮ ಕಡೆಯ ಬಾಡಗಂಡಿ ಊರಿನ ಕಟ್ಟೆಯ ಮೇಲೆ ಈ ಕಥೆಗೆ ಅಡಿಟಿಪ್ಪಣಿ ಬೇಡ. ಆಲಮಟ್ಟಿ ಹಿನ್ನೀರಿಗೆ ಹೊಲ ಕೊಟ್ಟ ಬೀಳಗಿ ತಾಲೂಕು ಇದು. ಹೊಲದ ಉತಾರದಲ್ಲಿ ಯಾರ ಹೆಸರು, ವಾರಸಾ ಯಾರದು, ಪರಿಹಾರ ಯಾರ ಕೈಗೆ ಎಂಬುದರ ಮೇಲೆ ಅಣ್ಣತಮ್ಮಂದಿರ ಮಾತೇ ನಿಂತುಹೋಗುವುದನ್ನು ಕಂಡವರಿಗೆ ತಮ್ಮಣ್ಣ ಖಳನಾಯಕನಾಗಿ ಕಾಣುವುದಿಲ್ಲ. ಬಗಲಲ್ಲಿ ಫೈಲು ಹಿಡಿದ, ಸಾಲ ಮೈಮೇಲೆ ಎಳೆದುಕೊಂಡ ನಮ್ಮ ಪೈಕಿಯವನೇ.

ದುಡ್ಡು ಇಸಿದುಕೊಂಡ ಗಡ್ಡಪ್ಪ ದೂರ ಹೋಗದೆ ಕುರಿಗಾರರ ಜತೆ ಸೇರುತ್ತಾನೆ. ಅವರು ಕುಲ, ಕಾಗದ ಏನೂ ಕೇಳುವುದಿಲ್ಲ. ಅಲ್ಲಿ ಬೆಂಕಿಯ ಸುತ್ತ ಕೂತಾಗ ಬಾಯಿಬಿಡುತ್ತಾನೆ: ತನ್ನ ಹೆಂಡತಿಗೂ ತನ್ನ ಅಪ್ಪನಿಗೂ ಇದ್ದ ಸಂಬಂಧ. ಅಲ್ಲಿವರೆಗೆ ತಮಾಷೆಯ ಮುದುಕನೆಂದು ನಕ್ಕ ನಾವು ತೆಪ್ಪಗಾಗುತ್ತೇವೆ. ಕಣ್ಣೀರಿಲ್ಲ, ದನಿ ಏರುವುದಿಲ್ಲ; ಹವಾಮಾನ ಹೇಳಿದಂತೆ ಹೇಳಿಬಿಡುತ್ತಾನೆ. ಪಳಗಿದ ನಟ ಇಲ್ಲಿ ಖಂಡಿತ ಹೆಚ್ಚು ಮಾಡಿ ಕೆಡಿಸುತ್ತಿದ್ದ. ಕ್ಷಮೆ ಕೇಳುವ ಪ್ರಸಂಗ ಬರುವುದೇ ಇಲ್ಲ. ತಿಥಿಯ ಊಟಕ್ಕೆ ಕುರಿ ಸಾಕಾದೀತೇ ಎಂಬುದೇ ಊರಿಗೆ ದೊಡ್ಡ ಚಿಂತೆ.

ಶ್ರೀಕೃಷ್ಣ ಪಾರಿಜಾತದ ಆಟ ನೋಡಿ ಬೆಳೆದ ನಮ್ಮ ಸೀಮೆಗೆ ಈ ಹದ ಹೊಸದಲ್ಲ. ಒಂದು ಹೂವಿಗಾಗಿ ಸತ್ಯಭಾಮೆ ಮುನಿಸಿಕೊಂಡರೆ, ದೇವರ ಮನೆಯ ರಂಪವನ್ನು ದೂತಿ ನಮ್ಮ ಓಣಿಯ ಮಟ್ಟಕ್ಕೆ ಇಳಿಸುತ್ತಾಳೆ. ಅವಳಾಡುವ ನಮ್ಮ ಸೀಮೆಯ ಮಾತು ಸಿನಿಮಾಕ್ಕೆ ಹೋದದ್ದೇ ನಾಯಕನ ಹಿಂದೆ ಓಡುವ ವಿದೂಷಕನ ಪಾಲಾಗುತ್ತದೆ. ಇದು ನನ್ನ ಹಳೇ ತಕರಾರು. ‘ತಿಥಿ’ಯಲ್ಲಿ ಮಂಡ್ಯದ ಮಾತು ಯಾರ ನಗೆಪಾಟಲೂ ಅಲ್ಲ. ನಮ್ಮ ಕಡೆ ಇಂಥದ್ದೊಂದು ತೆಗೆಯುವವರಿಗೆ ಕಥೆ ಹುಡುಕುವ ತ್ರಾಸಿಲ್ಲ. ತಹಸೀಲ್ದಾರ ಕಚೇರಿ ಎದುರಿನ ಚಹಾದಂಗಡಿಯಲ್ಲಿ ಒಂದು ಸೋಮವಾರ ಕೂತರೆ ಸಾಕು.