ತಳಾರನ ಪೂರ್ವಪಕ್ಷ: ‘ಯಶೋಧರ ಚರಿತೆ’ಯ ಜೀವವಿಚಾರವನ್ನು ಕುರಿತು

ಜನ್ನನ ‘ಯಶೋಧರ ಚರಿತೆ’ (ಕ್ರಿ.ಶ. ೧೨೦೯) ಕುರಿತ ನಮ್ಮ ವಿಮರ್ಶೆ ಬಹುಮಟ್ಟಿಗೆ ಎರಡು ಸನ್ನಿವೇಶಗಳ ಸುತ್ತಲೇ ಬೆಳೆದು ಬಂದಿದೆ. ಅಮೃತಮತಿಯು ಅಷ್ಟಾವಂಕನಿಗೆ ಮನಸೋತದ್ದು ಒಂದು. ಹಿಟ್ಟಿನ ಕೋಳಿಯ ಬಲಿಯಿಂದ ಒದಗಿದ ಸಂಕಲ್ಪಹಿಂಸೆ ಇನ್ನೊಂದು. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ವೂ ಇವೆರಡನ್ನೇ ಆಯ್ದುಕೊಂಡಿತು. ಕಾವ್ಯದ ಉತ್ತರಭಾಗದಲ್ಲಿ ತಳಾರ ಚಂಡಕರ್ಮನಿಗೂ ಅಕಂಪನ ಮುನಿಗೂ ನಡೆಯುವ ಜೀವವಿಚಾರವನ್ನು ಮಾತ್ರ ಮತಬೋಧೆಯೆಂದು ಬದಿಗಿರಿಸುವುದು ರೂಢಿ. ಮುನ್ನೂರಕ್ಕೆ ಮಿಕ್ಕ ಪದ್ಯಗಳಲ್ಲಿ ಹಲವು ಜನ್ಮಗಳ ಕಥೆಯನ್ನು ಅಡಕಗೊಳಿಸಿದ ಮಿತಭಾಷಿ ಕವಿ ಇಲ್ಲಿ ಮಾತ್ರ ಮೈಮರೆತನೆಂದು ನಂಬುವುದು ಕಷ್ಟ. ಈ ವಾದದಲ್ಲಿ ಪೂರ್ವಪಕ್ಷಕ್ಕೆ ದೊರೆತಿರುವ ಬಲವನ್ನು ನಾವು ಸರಿಯಾಗಿ ಅಳೆದಿಲ್ಲವೆಂಬುದು ನನ್ನ ಅಭಿಪ್ರಾಯ.

ದೇಹಕ್ಕಿಂತ ಬೇರೆಯಾದ ಜೀವವಿಲ್ಲವೆಂಬುದು ತಳಾರನ ಪಕ್ಷ. ಅವನು ಶಾಸ್ತ್ರವಾಕ್ಯವನ್ನು ಮುಂದಿಡುವುದಿಲ್ಲ, ತಾನು ನಡೆಸಿದ ಪರೀಕ್ಷೆಗಳನ್ನು ಹೇಳುತ್ತಾನೆ. ಕಳ್ಳನೊಬ್ಬನನ್ನು ಸಂದಿಲ್ಲದಂತೆ ಮುಚ್ಚಿದ ಪಾತ್ರೆಯೊಳಗಿಟ್ಟಾಗ ಅವನು ಸತ್ತನು, ಆದರೆ ಜೀವ ಹೊರಟುಹೋದ ರಂಧ್ರವೊಂದೂ ಕಾಣಲಿಲ್ಲ. ಇನ್ನೊಬ್ಬನನ್ನು ಕೊಲ್ಲುವ ಮುನ್ನ ಮತ್ತು ಕೊಂದ ಮೇಲೆ ತೂಗಿದಾಗ ತೂಕದಲ್ಲಿ ಭೇದವಿರಲಿಲ್ಲ. ಮತ್ತೊಬ್ಬನ ದೇಹವನ್ನು ತುಂಡುತುಂಡಾಗಿ ಕಡಿದು ನೋಡಿದರೂ ಜೀವವೆಂಬುದು ಸಿಕ್ಕಲಿಲ್ಲ. ಮುನಿಯು ಮೂರಕ್ಕೂ ದೃಷ್ಟಾಂತದಿಂದಲೇ ಉತ್ತರಿಸುತ್ತಾನೆ. ಮುಚ್ಚಿದ ಪಾತ್ರೆಯಲ್ಲಿ ಕುಳಿತವನು ಊದಿದ ಶಂಖದ ದನಿ ರಂಧ್ರವಿಲ್ಲದೆಯೇ ಹೊರಗೆ ಕೇಳುತ್ತದೆ. ಗಾಳಿ ತುಂಬಿದ ತಿದಿಗೂ ಬರಿದಾದ ತಿದಿಗೂ ತೂಕ ಒಂದೇ. ಅರಣಿಯನ್ನು ಸೀಳಿದರೆ ಬೆಂಕಿ ಸಿಗುವುದಿಲ್ಲ, ಮಥಿಸಿದರೆ ಹುಟ್ಟುತ್ತದೆ.

ಈ ಸರಣಿ ಜನ್ನನ ಕಲ್ಪನೆಯಲ್ಲ. ಅವನ ನೇರ ಆಕರವಾದ ವಾದಿರಾಜನ ಸಂಸ್ಕೃತ ಕಾವ್ಯಕ್ಕಿಂತಲೂ ಇದು ಬಹು ಹಳೆಯದು. ದೀಘನಿಕಾಯದ ‘ಪಾಯಾಸಿ ಸುತ್ತ’ದಲ್ಲಿ ಪಾಯಾಸಿಯು ಕುಮಾರ ಕಸ್ಸಪನೆದುರು, ಶ್ವೇತಾಂಬರರ ‘ರಾಯಪಸೇಣಿಯ’ದಲ್ಲಿ ಪ್ರದೇಶಿರಾಜನು ಕೇಶಿಶ್ರಮಣನೆದುರು ಇವೇ ಪರೀಕ್ಷೆಗಳನ್ನು ಮುಂದಿಡುತ್ತಾರೆ. ಆದರೆ ವಿವರಗಳು ಬೇರೆ. ಪಾಲಿಯಲ್ಲಿ ಹೆಣವು ಬದುಕಿದ್ದ ದೇಹಕ್ಕಿಂತ ಭಾರವಾಗಿ ತೂಗುತ್ತದೆ, ಅದಕ್ಕೆ ಕಾದ ಕಬ್ಬಿಣದ ಗುಂಡು ಹಗುರವೆಂಬುದು ಉತ್ತರ. ಪ್ರಾಕೃತದಲ್ಲಿ ತೂಕ ಸಮ, ಉತ್ತರ ಗಾಳಿಯ ಚರ್ಮಚೀಲ. ಶಂಖವು ಪಾಲಿಯಲ್ಲಿ ಬೇರೆ ಆಕ್ಷೇಪಕ್ಕೆ ಉತ್ತರವಾಗಿ ಬರುತ್ತದೆ, ಪ್ರಾಕೃತದ ಮುಚ್ಚಿದ ಮನೆಯೊಳಗೆ ಕೇಳುವುದು ಭೇರಿಯ ಶಬ್ದ. ದಿಗಂಬರ ಕವಿಯ ಪಾಠವು ತೂಕ ಮತ್ತು ಶಬ್ದ ಎರಡರಲ್ಲೂ ಶ್ವೇತಾಂಬರ ಆಗಮಕ್ಕೆ ಹತ್ತಿರವಾಗಿದೆ. ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಪಾಯಾಸಿಯೂ ಪ್ರದೇಶಿಯೂ ಅಪ್ಪಣೆ ಕೊಟ್ಟು ಕೊಲ್ಲಿಸುವ ಪ್ರಭುಗಳು. ಯಶೋಧರನ ಕಥೆಯಲ್ಲಿ ಆಕ್ಷೇಪವನ್ನೆತ್ತುವವನು ದಂಡನೆಯನ್ನೇ ಕಸುಬಾಗಿ ಉಳ್ಳವನು. ಮೂರು ಕಡೆಗಳಲ್ಲೂ ಕಳ್ಳನ ದೇಹವೇ ಪ್ರಯೋಗಶಾಲೆ ಎಂಬುದನ್ನು ಓದುಗ ಮರೆಯುವಂತಿಲ್ಲ.

ಮುನಿಯ ಉತ್ತರಗಳು ಜೀವವನ್ನು ಸಾಧಿಸುತ್ತವೆಯೆ? ಇಲ್ಲ; ಅವು ಪ್ರತಿವಾದಿಯ ವ್ಯಾಪ್ತಿಯನ್ನು ಮುರಿಯುತ್ತವೆ, ಅಷ್ಟೆ. ಹೊರಟುಹೋದದ್ದು ರಂಧ್ರವನ್ನು ಬಿಟ್ಟಿರಲೇಬೇಕೆಂಬ ನಿಯಮಕ್ಕೆ ಶಬ್ದವು ವ್ಯಭಿಚಾರಸ್ಥಳ. ಕಾಣಲು ಯೋಗ್ಯವಾದದ್ದು ಕಾಣದಿದ್ದರೆ ಮಾತ್ರ ಅದಿಲ್ಲವೆನ್ನಬಹುದೆಂಬ ಯೋಗ್ಯಾನುಪಲಬ್ಧಿಯ ತತ್ತ್ವ ಇಲ್ಲಿ ಹೆಸರಿಲ್ಲದೆ ಕೆಲಸಮಾಡುತ್ತಿದೆ. ಅಭಾವವನ್ನೇ ಸಿದ್ಧಪಡಿಸಿದೆನೆಂದು ಬಂದವನ ಎದುರಿಗೆ ಇಷ್ಟು ಸಾಕು. ಆದರೆ ಮೂರು ಉತ್ತರಗಳ ಬಲ ಒಂದೇ ಸಮನಲ್ಲ.

ಅರಣಿಯ ದೃಷ್ಟಾಂತ ಎಲ್ಲಕ್ಕಿಂತ ದುರ್ಬಲವಾದುದು. ಕಟ್ಟಿಗೆಯ ಘರ್ಷಣೆಯಿಂದ ಬೆಂಕಿ ಹುಟ್ಟುವಂತೆ ಭೂತಗಳ ಸಂಯೋಗದಿಂದ ಚೈತನ್ಯ ಹುಟ್ಟುತ್ತದೆಂದೇ ಚಾರ್ವಾಕನ ವಾದ. ಬೆಂಕಿ ಅರಣಿಯಲ್ಲಿ ಮೊದಲೇ ಅಡಗಿತ್ತೆಂದು ಒಪ್ಪದವನಿಗೆ ಈ ಉದಾಹರಣೆ ತನ್ನ ಪಕ್ಷಕ್ಕೇ ಒದಗಿದ ಸಾಕ್ಷಿ. ತಳಾರನು ಇಲ್ಲಿ ಮರುಮಾತಾಡದಿರುವುದು ಕವಿಯ ಔದಾರ್ಯವಲ್ಲ, ಕಥೆಯ ಅವಸರ.

ತಿದಿಯ ವಿಷಯದಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ವಿಜ್ಞಾನದ ಪದವಿ ಮುಗಿಸಿ ಕನ್ನಡ ಎಂ.ಎ.ಗೆ ಬಂದಿದ್ದ ವಿದ್ಯಾರ್ಥಿಯೊಬ್ಬ ತರಗತಿಯಲ್ಲಿ, ಗಾಳಿಗೆ ತೂಕವಿರುವುದರಿಂದ ಮುನಿ ಸೋತಂತಲ್ಲವೆ ಎಂದು ಕೇಳಿದ. ಕಾವ್ಯದಲ್ಲಿ ಭೌತಶಾಸ್ತ್ರವನ್ನು ಹುಡುಕಬಾರದೆಂದು ಹೇಳಿ ಅವನನ್ನು ಕೂರಿಸಿದೆ. ಅದು ಅಧ್ಯಾಪಕನ ಉತ್ತರವಾಗಿರಲಿಲ್ಲ. ಒಂದು ಲೀಟರು ಗಾಳಿ ಸುಮಾರು ೧.೨ ಗ್ರಾಂ ತೂಗುವುದು ನಿಜ. ಆದರೆ ಒತ್ತಡವಿಲ್ಲದೆ ಗಾಳಿ ತುಂಬಿದ ಚೀಲವನ್ನು ಗಾಳಿಯಲ್ಲೇ ತೂಗಿದರೆ ಸುತ್ತಣ ಗಾಳಿ ಅದನ್ನು ಅಷ್ಟೇ ಮೇಲೆತ್ತುವುದರಿಂದ ತಕ್ಕಡಿ ಭೇದವನ್ನು ತೋರಿಸದು. ಮುನಿಯ ಅನುಭವ ಸರಿ. ತೂಕವಿಲ್ಲದ ದ್ರವ್ಯವೂ ಇರಬಲ್ಲದೆಂಬ ಅವನ ಇಂಗಿತಕ್ಕೆ ಇದರಿಂದ ಪೆಟ್ಟು ಬಿದ್ದರೂ, ತಕ್ಕಡಿಗೆ ಕಾಣದ್ದು ಇಲ್ಲವೆನ್ನಲಾಗದೆಂಬ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ. ಗಾಳಿಗೆ ತೂಕವಿಲ್ಲವೆಂಬುದು ಜೈನನಿಗೆ ಅಗತ್ಯವಾದ ನಂಬಿಕೆಯೂ ಅಲ್ಲ. ಗುರುತ್ವವು ಪೃಥ್ವಿ ಮತ್ತು ಜಲಗಳಿಗೆ ಮಾತ್ರ ಸಲ್ಲುವ ಗುಣವೆಂದವರು ವೈಶೇಷಿಕರು. ಜೈನರ ಪುದ್ಗಲಕ್ಕೆ ಹೇಳಿರುವ ಎಂಟು ಸ್ಪರ್ಶಗಳಲ್ಲಿ ಗುರು ಲಘುಗಳೆರಡೂ ಇವೆ. ಮುನಿಯು ಎರವಲು ಆಯುಧವನ್ನು ಬಳಸಿದ್ದಾನೆಂದೇ ನನ್ನ ಊಹೆ. ಇದನ್ನು ಪರಿಶೀಲಿಸಲು ಹೊರನಾಡಿನ ಸಂಶೋಧಕರಿಗೆ ಒಳ್ಳೆಯ ಅನುಕೂಲವಿದೆ. ಯಶೋಧರನ ಕಥೆಯನ್ನೇ ಹೇಳುವ ಸೋಮದೇವನ ‘ಯಶಸ್ತಿಲಕ’ (೯೫೯) ಇಂದಿನ ತೆಲಂಗಾಣದಲ್ಲಿರುವ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿ ಹುಟ್ಟಿತು. ತಮಿಳಿನ ‘ನೀಲಕೇಶಿ’ಯಲ್ಲಿ ಭೂತವಾದದ ಖಂಡನೆಗೇ ಒಂದು ಅಧ್ಯಾಯವಿದೆ. ಹೈದರಾಬಾದು, ಚೆನ್ನೈಗಳಲ್ಲಿರುವವರು ಈ ಪಾಠಗಳನ್ನು ಎದುರುಬದುರಾಗಿಟ್ಟು ಓದಬೇಕು.

ಇನ್ನು ಉಳಿದದ್ದು ಶಂಖ. ಜೈನಮತದಲ್ಲಿ ಶಬ್ದವೂ ಪುದ್ಗಲವೇ. ಮೂರ್ತವಾದ ಶಬ್ದವೇ ರಂಧ್ರವಿಲ್ಲದೆ ಹೊರಬರುವುದಾದರೆ ಅಮೂರ್ತವಾದ ಜೀವದ ಮಾತೇನೆಂಬ ಕೈಮುತಿಕನ್ಯಾಯ ಇಲ್ಲಿ ಸೊಗಸಾಗಿ ಒದಗುತ್ತದೆ. ಆದರೂ ಬಲವಾದ ಒಂದು ಆಕ್ಷೇಪ ಉಳಿಯುತ್ತದೆ. ಶಂಖದ ದನಿ ಹೊರಬಂದಿತೆಂದು ತಿಳಿದದ್ದು ಹೊರಗಿದ್ದವನೊಬ್ಬ ಅದನ್ನು ಕೇಳಿದ್ದರಿಂದ. ಹೊರಟುಹೋದ ಜೀವವನ್ನು ಕೇಳಿದವರು ಯಾರು? ತಳಾರನು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಕೇಳಿದ್ದರೆ ತರ್ಕದಲ್ಲಿ ಮುನಿಗೆ ಉತ್ತರ ಸುಲಭವಾಗುತ್ತಿರಲಿಲ್ಲ.

ಉತ್ತರವಿರುವುದು ಕಥೆಯಲ್ಲಿ. ಈ ಸಂವಾದ ನಡೆಯುವಾಗ ತಳಾರನ ವಶದಲ್ಲಿ ಎರಡು ಕೋಳಿಗಳಿವೆ. ಅವು ಹಲವು ಜನ್ಮಗಳನ್ನು ದಾಟಿ ಬಂದ ಯಶೋಧರ ಮತ್ತು ಚಂದ್ರಮತಿ ಎಂಬುದು ಓದುಗನಿಗೆ ಗೊತ್ತು, ವಾದಿಸುತ್ತಿರುವ ತಳಾರನಿಗೆ ಗೊತ್ತಿಲ್ಲ. ಜೀವವಿಲ್ಲವೆಂಬ ಪಕ್ಷವನ್ನು ಅವನು ಮಂಡಿಸುವುದು ಆ ಪಕ್ಷಕ್ಕೆ ಜೀವಂತ ಖಂಡನೆಯಾದವರ ಸಮ್ಮುಖದಲ್ಲೇ. ದಾಳವನ್ನು ಕವಿ ಮೊದಲೇ ತಿದ್ದಿಟ್ಟಿದ್ದಾನೆಂದು ತಾರ್ಕಿಕನು ದೂರಬಹುದು. ಆ ದೂರಿನಲ್ಲಿ ಹುರುಳಿದೆ. ಕಥೆಯೊಳಗಿನ ಪುನರ್ಜನ್ಮವು ಕಥೆಯ ಹೊರಗಿನವನಿಗೆ ಪ್ರಮಾಣವಾಗಲಾರದು. ಆದರೆ ಜನ್ನ ಮುಂದೆ ಮಾಡುವುದು ಪ್ರಮಾಣವನ್ನು ಒದಗಿಸುವ ಕೆಲಸವನ್ನಲ್ಲ. ಮುನಿಯ ಮಾತನ್ನು ಕೇಳಿದ ಕೋಳಿಗಳಿಗೆ ಜಾತಿಸ್ಮರಣೆಯುಂಟಾಗುತ್ತದೆ, ಅವು ಹರ್ಷದಿಂದ ಕೂಗುತ್ತವೆ. ಆ ಕೂಗು ರಾಣಿ ಕುಸುಮಾವಳಿಯೊಡನಿದ್ದ ಯಶೋಮತಿಯ ಕಿವಿಗೆ ಬೀಳುತ್ತದೆ. ತನ್ನ ಶಬ್ದವೇಧಿ ವಿದ್ಯೆಯನ್ನು ಮೆರೆಯಲೆಂದು ಅವನು ದನಿ ಬಂದತ್ತ ಬಾಣ ಬಿಡುತ್ತಾನೆ, ಕಾಣದ ಗುರಿಗೆ. ಶಂಖದ ದೃಷ್ಟಾಂತಕ್ಕೆ ಬೇಕಾಗಿದ್ದ, ಹೊರಗೆ ನಿಂತು ಕೇಳುವ ಕಿವಿ ಹೀಗೆ ದೊರೆಯುತ್ತದೆ. ಕೇಳಿದವನು ಮಗ, ಅವನ ಬಾಣಕ್ಕೆ ಸತ್ತವರು ಅವನ ತಂದೆ ಮತ್ತು ಅಜ್ಜಿ.